ಮಳೆ ಕಾಣದ ಮನೆಗೆ ಬಂದ ಮೇಷ್ಟ್ರು

ಸತ್ತವರನ್ನು ಹೊಗಳುವ ಕೆಲಸ ನನ್ನಿಂದ ಆಗುವುದಿಲ್ಲ. ಮೇಷ್ಟ್ರ ಶಿವಗಣಾರಾಧನೆಗೆಂದು ದಾವಣಗೆರೆಯ ಪಿ.ಜೆ. ಬಡಾವಣೆಗೆ ಹೋಗಿದ್ದೆ. ಫೋಟೋಕ್ಕೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಮಾತಾಡಿದರು. ಕಾಲೇಜಿನಲ್ಲಿ ಅವರ ಜೊತೆ ಪಾಠ ಮಾಡಿದವರಂತೆ, ಒಬ್ಬರು ಕಣ್ಣು ಒರೆಸಿಕೊಳ್ಳುತ್ತಾ, "ಗಿಡದ ವಿಷಯದಲ್ಲಿ ಅವರ ಮಾತು ಒಂದು ದಿನವೂ ಸುಳ್ಳಾಗಿದ್ದಿಲ್ಲ" ಎಂದರು.

ಪಕ್ಕದಲ್ಲಿ ಕೂತಿದ್ದ ನನ್ನ ಸೊಸೆ ಸವಿತಾ ಮೆಲ್ಲಗೆ ನನ್ನ ತೊಡೆ ಚಿವುಟಿದಳು. "ಅತ್ತೆ, ಬಾಯಿ ತೆಗೀಬ್ಯಾಡ್ರಿ."

ತೆಗೆಯಲಿಲ್ಲ. ಗೋಧಿ ಹುಗ್ಗಿ ಉಂಡು ಎದ್ದು ಬಂದೆ. ಆದರೆ ಮೇಷ್ಟ್ರ ಮಾತು ನಮ್ಮ ಹೊಲದಲ್ಲಿ, ಅಕ್ಕಪಕ್ಕದವರು ನೋಡುತ್ತಿರುವಾಗಲೇ, ಪೂರಾ ಸುಳ್ಳಾಗಿತ್ತು. ಅವರು ನನ್ನ ನೆನಪಿನಲ್ಲಿ ಉಳಿದಿರುವುದೇ ಅದಕ್ಕೆ. ಸರಿಯಾಗಿ ಹೇಳಿ ಹೋದವರು ಎಷ್ಟೋ ಜನ ಇದ್ದಾರು. ಅವರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗ್ಯಾಕೆ? ಮೇಷ್ಟ್ರು ಎಂದರೆ ಸಾಕು.

ಪರಿಚಯವಾದದ್ದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ. ನನಗೆ ಬಲಗಣ್ಣಿನ ಪೊರೆ ತೆಗೆದಿದ್ದರು, ಅವರಿಗೆ ಎಡಗಣ್ಣಿನದು. ಇಬ್ಬರಿಗೂ ಕರೀ ಕನ್ನಡಕ. ಇಬ್ಬರನ್ನೂ ಕೂಡಿಸಿದರೆ ಕಣ್ಣಿದ್ದ ಒಬ್ಬ ಮನುಷ್ಯ ಆಗುತ್ತಿದ್ದ. ನಾನು ಫೋನಿನಲ್ಲಿ ಸೊಸೆಯ ಜೊತೆ ಜಗಳ ಆಡುತ್ತಿದ್ದೆ. ಇನ್ನೊಂದು ಸಾಲು ಬಾಡಿತು ಎಂದು ಅವಳು, ಬೂದಿ ಹಾಕಿದೆಯೇನೇ ಎಂದು ನಾನು. ಫೋನ್ ಇಟ್ಟ ಕೂಡಲೇ ಪಕ್ಕದಿಂದ ದನಿ ಬಂತು.

"ಏನು ಗಿಡ ಅಮ್ಮಾರೆ?"

"ನಿಮಗ್ಯಾಕ್ರಿ?"

"ಬಾಡಿದ್ದು ಏನು ಗಿಡ ಅಂತ ಕೇಳಿದೆ, ಅಷ್ಟೇ."

"ಟೊಮೇಟೊ. ಪಾಲಿಹೌಸಿನಾಗ ಹಾಕೇವಿ."

"ಬೇರು ನೋಡಿದ್ರಾ?"

"ಬಾಡಿದ್ದು ಎಲೆ. ಬೇರು ಯಾಕ ನೋಡ್ಬೇಕು?"

ಮನುಷ್ಯ ಗಹಗಹಿಸಿ ನಕ್ಕುಬಿಟ್ಟರು. ಹೊಲಿಗೆ ಹಸಿ ಇದೆ, ಹಾಗೆ ನಗಬಾರದು ಎಂದು ನರ್ಸಮ್ಮ ಗದರಿದಳು. ಅವರು ಅವಳಿಗೆ ಕೈ ಮುಗಿದು, ನನ್ನ ಕಡೆ ತಿರುಗಿ, "ಹೊಟ್ಟೆ ಹಸಿದ್ರೆ ಮುಖ ಬಾಡ್ತೈತೆ. ಹಂಗಂತ ಮುಖಕ್ಕೆ ಅನ್ನ ಮೆತ್ತಿಕೊಳ್ತೀರೇನು?" ಎಂದರು. ಮಾತು ಚೆನ್ನಾಗಿತ್ತು. ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾರೆ ಎನ್ನುವುದು ಆಮೇಲೆ ಗೊತ್ತಾಯಿತು. ಒಂದು ಒಳ್ಳೆ ಮಾತು ಸಿಕ್ಕರೆ ಅದನ್ನು ಸವೆಯುವ ತನಕ ಬಿಡುವ ಪೈಕಿ ಅಲ್ಲ.

ನಮ್ಮ ಹೊಲ ಕೊಂಡಜ್ಜಿಯ ಹತ್ತಿರ. ನನ್ನ ಮಗ ಬಸಣ್ಣನಿಗೆ ಗುತ್ತೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಸೊಸೆ ಮೊದಲು ಹರಿಹರಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ವ್ಯಾನ್ ಹತ್ತಿದರೆ ಸಂಜೆ ಇಳಿಯುತ್ತಿದ್ದಳು, ಕಾಲು ಊದಿಸಿಕೊಂಡು. ಮೂತ್ರಕ್ಕೆ ಎದ್ದು ಹೋಗಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು ಎಂದು ಒಂದು ದಿನ ಹೇಳಿದ್ದಳು. ತರಬೇತಿಗೆ ಹೋಗಿ ಕಲಿತು, ಅವಳೇ ಹಟ ಹಿಡಿದು ಪಾಲಿಹೌಸ್ ಹಾಕಿಸಿದಳು. ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಸಿ, ಒಳಗೆ ದಾರ ಕಟ್ಟಿ ಟೊಮೇಟೊ ಬಳ್ಳಿ ಹಬ್ಬಿಸುವುದು. ನಾನು ಅದನ್ನು ಪ್ಲಾಸ್ಟಿಕ್ ಮನೆ ಎನ್ನುತ್ತೇನೆ. ಮಗ್ಗುಲ ಹೊಲದ ಸಿದ್ದಪ್ಪ, "ಏನವ್ವ, ಗಿಡಕ್ಕೂ ಆರ್‌ಸಿಸಿ ಮನೆ ಕಟ್ಟಿಸಿಕೊಟ್ರಿ. ಫ್ಯಾನ್ ಯಾವಾಗ ಹಾಕ್ತೀರಿ?" ಎಂದು ಆಡಿಕೊಳ್ಳುತ್ತಿದ್ದ.

ಯುಗಾದಿ ಹೊತ್ತಿಗೆ ಸಸಿ ನೆಟ್ಟರೆ ಮುಂಗಾರಿನಲ್ಲಿ ಹಣ್ಣು ಶುರು. ಎದೆಯೆತ್ತರ, ತಲೆಯೆತ್ತರ ಹೋಗುತ್ತಿದ್ದವು. ಗೊಂಚಲು ನೋಡಿದರೆ ದೃಷ್ಟಿ ತಾಕುವ ಹಾಗಿರುತ್ತಿತ್ತು. ಮಹಾನವಮಿ ಹತ್ತಿರ ಬಂತು ಅಂದರೆ ಸೊರಗಲು ಹಿಡಿಯುತ್ತಿದ್ದವು. ಮಧ್ಯಾಹ್ನ ತಲೆ ಬಗ್ಗಿಸುತ್ತವೆ, ಸಂಜೆ ಎತ್ತುತ್ತವೆ. ಹೀಗೆ ಕೆಲವು ದಿನ ಆಡಿಸಿ, ಒಂದು ಸಂಜೆ ಎತ್ತುವುದೇ ಇಲ್ಲ. ಮೇಲಿನ ಗೊಂಚಲೆಲ್ಲ ಕಾಯಾಗಿಯೇ ಮುದುರಿಕೊಳ್ಳುತ್ತಿದ್ದವು. ಎರಡು ವರ್ಷ ಹಾಗೇ ಆಯಿತು. ಮೂರನೇ ವರ್ಷವೂ ಹೀಗಾದರೆ ಬಿಚ್ಚಿ ಹಾಕಿ ಮೆಕ್ಕೆಜೋಳ ಬಿತ್ತುವುದು, ಅವಳು ಮತ್ತೆ ವ್ಯಾನ್ ಹತ್ತುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅವಳೇ ಒಪ್ಪಿದ್ದಳು. ಈಗ ಮೂರನೇ ವರ್ಷ, ಮತ್ತೆ ಬಾಡುತ್ತಿದ್ದವು. ಸೊಸೆ ಅಳುವ ಜಾತಿಯವಳಲ್ಲ. ಊಟ ಬಿಡುವ ಜಾತಿಯವಳು. ನನಗೆ ಅಳುವವರೇ ವಾಸಿ, ಅನ್ನ ಉಳಿಯುವುದಿಲ್ಲ.

ಅದಕ್ಕೇ ಬೆಂಚಿನ ಮೇಲಿನ ಆ ಗುರುತಿಲ್ಲದ ಮನುಷ್ಯನಿಗೆ, "ಅಷ್ಟು ಗೊತ್ತಿದ್ರೆ ಬಂದು ನೋಡ್ರಿ" ಎಂದುಬಿಟ್ಟೆ.

ಕಣ್ಣಿನ ಪಥ್ಯ ಮುಗಿಯುವುದಕ್ಕೂ ಕಾಯದೆ ಬಂದರು. ಹರಿಹರದ ಬಸ್ಸು ಹಿಡಿದು, ಅಲ್ಲಿಂದ ಆಟೋ ಮಾಡಿಕೊಂಡು. ಹೆಗಲಿಗೊಂದು ಬಟ್ಟೆ ಚೀಲ. ಅದರಲ್ಲಿ ಒಂದು ಚಾಕು, ಒಂದು ಹಳೇ ಟವೆಲ್, ಟವೆಲಿನಲ್ಲಿ ಸುತ್ತಿದ ಒಂದು ಗಾಜಿನ ಲೋಟ. ಚಾ ಅಂಗಡಿಯಲ್ಲಿ ಇರುತ್ತದಲ್ಲ, ಗೆರೆ ಗೆರೆ ಇರುವಂಥದು.

ಪ್ಲಾಸ್ಟಿಕ್ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದುಕೊಂಡರು. ದೇವರ ಗುಡಿಯೇನ್ರಿ ಎಂದು ಕೇಳಿದೆ. "ಅಲ್ಲಮ್ಮಾರೆ, ಬ್ಯಾರೆ ಹೊಲದ ರೋಗ ನನ್ನ ಕಾಲಾಗ ಬರ್ಬಾರದಲ್ಲ" ಎಂದರು. ಒಳಗೆ ಹೋದವರು ಗಿಡ ನೋಡಲಿಲ್ಲ. ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತರು. ಬಾಡಿದ ಗಿಡವೊಂದನ್ನು ಬುಡಸಮೇತ ಎಬ್ಬಿಸಿ, ಬೇರಿನ ಮಣ್ಣನ್ನು ಮಗುವಿನ ತಲೆ ಒರೆಸುವ ಹಾಗೆ ಒರೆಸಿದರು. ಬೇರಿನಲ್ಲಿ ಗಂಟು ಇಲ್ಲ, ಹುಳದ ಕಾಟ ಅಲ್ಲ ಎಂದರು. ಆಮೇಲೆ ಕಾಂಡದ ತುಂಡು ಕೊಯ್ದು ತಮ್ಮ ಲೋಟ ಕೇಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ಬಂದವರಿಗೆ ಮಜ್ಜಿಗೆ ಕೊಡದೆ ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿಲ್ಲ. ಹೊಲದಲ್ಲಿ ನಮ್ಮ ಹತ್ತಿರ ಲೋಟ ಇರಲಿಲ್ಲ, ಚೊಂಬಿನಲ್ಲಿ ಮಜ್ಜಿಗೆ ಮಾತ್ರ ಇತ್ತು. ಅವರ ಚೀಲದಲ್ಲೇ ಲೋಟ ಇಣುಕುತ್ತಿತ್ತು. ಬಂದ ಕೂಡಲೇ ನಾನೇ ಅದಕ್ಕೆ ಬಗ್ಗಿಸಿ ಕೊಟ್ಟಿದ್ದೆ, ಅವರೂ ಗಟಗಟ ಕುಡಿದು, ಒಂದಿಷ್ಟು ನೀರು ಹಾಕಿ ಕುಲುಕಿ ಚೆಲ್ಲಿದ್ದರು. ಈಗ ಅದೇ ಲೋಟಕ್ಕೆ ನೀರು ತುಂಬಿ ಕಾಂಡದ ತುಂಡನ್ನು ಇಳಿಬಿಟ್ಟು, ಒಂದೇ ಕಣ್ಣಿನಲ್ಲಿ ಬಿಸಿಲಿಗೆ ಹಿಡಿದು ನೋಡಿದರು. ನೀರು ಮಸುಕಾಗಿತ್ತು.

"ದುಂಡಾಣು ಸೊರಗು," ಎಂದರು. "ಮಣ್ಣಿನಾಗ ಕುಂತುಬಿಟ್ಟೈತೆ. ಎಲ್ಲಾ ಕಿತ್ತು ಸುಡಬೇಕು. ಇನ್ನು ಕೆಲವು ವರ್ಷ ಇಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ ಯಾವುದೂ ಬ್ಯಾಡ."

ಸವಿತಾ ತಂತಿಗೆ ಕಟ್ಟುವ ದಾರದ ಉಂಡೆ ಹಿಡಿದುಕೊಂಡಿದ್ದಳು. ಅದನ್ನು ಅಲ್ಲೇ ನೆಲದ ಮೇಲಿಟ್ಟು ಮನೆಗೆ ಹೋದಳು. ಮೇಷ್ಟ್ರು ಅವಳ ಬೆನ್ನು ನೋಡುತ್ತಾ ನಿಂತರು. "ಬ್ಯಾರೆ ಏನಾದ್ರೂ ಬೆಳೀಬಹುದು" ಎಂದು ಗೊಣಗಿದರು. ಆ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಮಾರನೇ ದಿನ ಬಸಣ್ಣ ರಜ ಹಾಕಿ ಕೀಳಲು ನಿಂತ. ಸಿದ್ದಪ್ಪನೂ ಬಂದಿದ್ದ, ಅವನ ಹೆಂಡತಿಯೂ. ಆಡಿಕೊಳ್ಳುವವರೇ ಕೀಳುವ ಕೆಲಸಕ್ಕೂ ಮೊದಲು ಬರುತ್ತಾರೆ. ಎರಡು ಸಾಲು ಕಿತ್ತು ರಾಶಿ ಹಾಕಿದ್ದೆವು. ಹಸಿರು ಕಾಯಿ ಇನ್ನೂ ಗೊಂಚಲಲ್ಲೇ ಇದ್ದವು. ಆಗ ರಸ್ತೆಯ ಕಡೆಯಿಂದ ಕೂಗು ಕೇಳಿತು.

"ತಡೀರಿ! ಏ, ತಡೀರಪ್ಪೋ!"

ನೋಡಿದರೆ ಮೇಷ್ಟ್ರು. ಕರೀ ಕನ್ನಡಕ ಒಂದು ಕೈಯಲ್ಲಿ, ಪಂಚೆಯ ತುದಿ ಇನ್ನೊಂದು ಕೈಯಲ್ಲಿ. ಆ ವಯಸ್ಸಿನಲ್ಲಿ ಬದುವಿನ ಮೇಲೆ ಓಡುವುದು ನೋಡಿ ನನಗೆ ಜೀವ ಬಾಯಿಗೆ ಬಂತು. ಬಿದ್ದು ಕಣ್ಣು ಹೋದರೆ ಆ ಪಾಪವೂ ನಮ್ಮ ಹೊಲಕ್ಕೇ.

ಬಂದು ನಿಂತು, ಏದುಸಿರು ಬಿಡುತ್ತಾ, ಎಲ್ಲರ ಮುಂದೆ ಹೇಳಿದರು: "ನಿನ್ನೆ ನಾನು ಹೇಳಿದ್ದು ತಪ್ಪು."

ಬಸಣ್ಣ ಕಿತ್ತ ಗಿಡವನ್ನು ಕೈಯಲ್ಲೇ ಹಿಡಿದು ತಿರುಗಿದ.

"ಸಂಜೆ ನಮ್ಮ ಮನೆಯವರು ಲೋಟ ತೊಳೆಯಾಕೆ ತಗೊಂಡ್ರು. ಇದರಾಗ ಮಜ್ಜಿಗೆ ಅಂಟಿಕೊಂಡೈತಲ್ರಿ, ತೊಳೀದೆ ಹಂಗೇ ಇಟ್ಟುಕೊಂಡು ಬಂದೀರಲ್ಲ ಅಂತ ಬೈದ್ರು. ಅವಾಗ ತಿಳೀತು. ರೋಗ ಇದ್ರೆ ಕಾಂಡದ ತುದಿಯಿಂದ ಹಾಲಿನ ದಾರದಂಗೆ ಬಿಳಿ ಇಳೀಬೇಕು. ನಿನ್ನೆ ದಾರ ಇಳೀಲಿಲ್ಲ. ನೀರೇ ಮಸುಕಿತ್ತು. ನಾನು ಮಜ್ಜಿಗೆ ನೋಡಿ ರೋಗ ಅಂದೆ."

ಸಿದ್ದಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದ. ಅವನ ಹೆಂಡತಿಗೆ ಅದೂ ಆಗಲಿಲ್ಲ, ಕಿಸಕ್ಕೆಂದಳು. ನನಗೇ ಅಯ್ಯೋ ಅನ್ನಿಸಿ, "ಹೋಗ್ಲಿ ಬಿಡ್ರಿ ಮೇಷ್ಟ್ರೇ, ಒಂದು ಕಣ್ಣಿಗೆ ಆಪರೇಶನ್ ಆಗೈತೆ, ಕಂಡಿರಲಿಕ್ಕಿಲ್ಲ" ಎಂದು ದಾರಿ ತೋರಿಸಿದೆ.

"ಕಣ್ಣು ಚೆನ್ನಾಗೇ ಕಾಣ್ತಿತ್ತು," ಎಂದರು ಮೇಷ್ಟ್ರು. "ಅವಸರ ಮಾಡಿದೆ. ಗೊತ್ತೈತೆ ಅನ್ನೋ ಅವಸರ."

ನಾನು ಕೊಟ್ಟ ನೆಪವನ್ನು ಹಾಗೆ ವಾಪಸ್ ಕೊಟ್ಟವರನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಉಪ್ಪಿನ ಅಂಗಡಿಯವನದೇ ತಪ್ಪು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನಿನ್ನೆ ಸಂಜೇನೇ ಫೋನ್ ಮಾಡಿದ್ರೆ ಎರಡು ಸಾಲು ಉಳೀತಿದ್ವು" ಎಂದೆ.

"ಹೌದಲ್ಲ," ಎಂದರು. "ಎದುರು ನಿಂತು ಹೇಳಿದ ತಪ್ಪು, ಎದುರು ನಿಂತೇ ತಿದ್ದಬೇಕು ಅಂದುಕೊಂಡೆ. ಅದೂ ತಪ್ಪೇ ಆಯ್ತು ನೋಡ್ರಿ."

ಬಸಣ್ಣನಿಗೆ ತಾಳ್ಮೆ ಕೆಟ್ಟಿತ್ತು. "ಹಂಗಾದ್ರೆ ರೋಗ ಏನು, ಅದನ್ನ ಹೇಳ್ರಿ."

"ಗೊತ್ತಿಲ್ಲ."

"ಗೊತ್ತಿಲ್ಲಾ?"

"ಗೊತ್ತಿಲ್ಲಪ್ಪ. ನೋಡಾನ. ಇವತ್ತೊಂದು ದಿನ ಕೀಳಬ್ಯಾಡ್ರಿ."

ಮನೆಯೊಳಗಿದ್ದ ಸೊಸೆಗೆ ಯಾರು ಸುದ್ದಿ ಮುಟ್ಟಿಸಿದರೋ, ಬಂದಿದ್ದಳು. ಗೊತ್ತಿಲ್ಲ ಎಂಬ ಮಾತಿಗೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ನೆಲದ ಮೇಲೆ ಬಿಟ್ಟು ಹೋಗಿದ್ದ ದಾರದ ಉಂಡೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಅವತ್ತು ಲೋಟವನ್ನು ಬೂದಿ ಹಚ್ಚಿ ತಿಕ್ಕಿ, ಮೂರು ನೀರು ಹಾಕಿ ತೊಳೆದುಕೊಟ್ಟೆ. ಬೇರೆ ಬೇರೆ ಗಿಡದ ಕಾಂಡ ಕೊಯ್ದು ಇಳಿಬಿಟ್ಟರು. ನೀರು ತಿಳಿಯಾಗೇ ಇತ್ತು. ಬೇರು ನೋಡಿದರು, ಕಾಂಡ ಸೀಳಿ ಒಳಗೆ ನೋಡಿದರು. ಅಲ್ಲೂ ಏನೂ ಇಲ್ಲ. ಬೇರು ನೋಡ್ರಿ, ಬೇರು ನೋಡ್ರಿ ಎಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯನಿಗೆ ಬೇರೂ ಏನೂ ಹೇಳಲಿಲ್ಲ. ಹಾಗೆಂದು ನಾನು ಚುಚ್ಚಿದರೆ, "ನಾನು ಇನ್ನೂ ಸರಿಯಾಗಿ ಕೇಳಿಲ್ಲ ಅನಸ್ತೈತೆ, ಇರ್ರಿ" ಎಂದರು.

ಆಮೇಲೆ ಶುರುವಾಯಿತು ಪ್ರಶ್ನೆ. ನೀರು ಯಾವ ಬೋರಿನದು? ಗೊಬ್ಬರ ಯಾವಾಗ ಬಿಡ್ತೀರಿ? ಬಾಡಿದಾಗ ಏನು ಮಾಡ್ತೀರಿ? ಸೊಸೆ ಹೇಳಿದಳು: ಡ್ರಿಪ್ ಪೈಪಿನಲ್ಲಿ ನೀರಿನ ಜೊತೆ ಕರಗುವ ಗೊಬ್ಬರ ಬಿಡ್ತೀನಿ, ಬಾಡಿದ್ರೆ ಶಕ್ತಿ ಬರಲಿ ಅಂತ ತುಸು ಹೆಚ್ಚಿಗೆ ಬಿಡ್ತೀನಿ. ಬಸಣ್ಣ ಹೇಳಿದ: ಅವಳಿಗೆ ಗೊತ್ತಿಲ್ಲದಂಗೆ ನಾನೂ ಒಂದಿಷ್ಟು ಯೂರಿಯಾ ಹಾಕೀನಿ. ಅವಳು ಗಂಡನ ಕಡೆ ನೋಡಿದ ನೋಟ ಬರೆಯಲು ಬರುವುದಿಲ್ಲ. ನಾನು ಹೇಳಿದೆ: ಬೂದಿ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡನ್ನೇ ನಮ್ಮಲ್ಲಿ ಸ್ನಾನದ ಹಂಡೆ ಒಲೆಗೆ ಉರಿಸುವುದು. ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕಿದರೆ ಹುಳ ಬರುವುದಿಲ್ಲ, ಕಾಯಿ ಗಟ್ಟಿಯಾಗುತ್ತದೆ. ನಮ್ಮತ್ತೆ ಹಾಕುತ್ತಿದ್ದಳು, ನಾನು ಹಾಕುತ್ತೇನೆ. ನಮ್ಮ ಮನೆಯ ಬೂದಿ ಸಾಲದೆ ಸಿದ್ದಪ್ಪನ ಮನೆಯದನ್ನೂ ಹೊತ್ತು ತರುತ್ತಿದ್ದೆ.

"ಎಷ್ಟು ದಿನಕ್ಕೊಮ್ಮೆ ಹಾಕ್ತೀರಿ?"

"ಒಲೆ ತುಂಬಿದಾಗ. ಬೂದಿಗೆ ಲೆಕ್ಕ ಇಡ್ತಾರೇನ್ರಿ ಯಾರಾದ್ರೂ?"

ಮೇಷ್ಟ್ರು ಎದ್ದು ಸಾಲಿನುದ್ದ ನಡೆಯುತ್ತಾ ಹೋದರು. ಹಿಂದಿನ ಮೂಲೆಗೆ ಹೋಗಿ ನಿಂತವರು ಅಲ್ಲಿಂದಲೇ ಕೂಗಿದರು.

"ಇಲ್ಲಿ ಬರ್ರಿ. ಇವು ಯಾಕ ಹಸಿರಾಗಿ ಅದಾವೆ?"

ಆ ಮೂಲೆಯಲ್ಲಿ ಕೋತಿಗಳು ಹಾರಿ ಪ್ಲಾಸ್ಟಿಕ್ ಹರಿದಿದ್ದವು. ಮುಂಗಾರು ಪೂರ್ತಿ ಅಲ್ಲಿ ಮಳೆ ಸುರಿದು ಕೆಸರಾಗಿತ್ತು. ಹೊಲಿಸೋ, ಅಂಟಿಸೋ ಎಂದು ನಾನು ಬಸಣ್ಣನಿಗೆ ದಿನಾ ಬೈಯುತ್ತಿದ್ದೆ. ಅವನು ನಾಳೆ ನಾಳೆ ಎಂದು ಕಾಲ ತಳ್ಳಿದ್ದ. ಕೆಸರು ಎಂದು ನಾವ್ಯಾರೂ ಅತ್ತ ಕಾಲಿಡುತ್ತಿರಲಿಲ್ಲ, ನಾನು ಬೂದಿಯನ್ನೂ ಹಾಕುತ್ತಿರಲಿಲ್ಲ. ಹರಕಿನ ಕೆಳಗಿನ ಗಿಡಗಳು ಮಾತ್ರ ಒಂದೂ ಬಾಡಿರಲಿಲ್ಲ. ಕೆಳಗಿಂದ ಮೇಲಿನ ತನಕ ಗೊಂಚಲು.

ಮೇಷ್ಟ್ರು ಆ ಗಿಡಗಳನ್ನು ನೋಡಿ, ಹರಿದ ಪ್ಲಾಸ್ಟಿಕ್ಕನ್ನು ನೋಡಿ, ವಾಪಸ್ ಬಾಡಿದ ಸಾಲಿಗೆ ಬಂದು ಮತ್ತೆ ಕುಕ್ಕರುಗಾಲಲ್ಲಿ ಕೂತರು. ಮಡಿಯ ಅಂಚಿನಲ್ಲಿ, ನೀರಿನ ಪಸೆ ಮುಗಿದು ಒಣ ಮಣ್ಣು ಶುರುವಾಗುವ ಕಡೆ, ಬಿಳಿ ಪೊರೆ ಕಟ್ಟಿತ್ತು. ನಾವು ಅದನ್ನು ಬೂದಿಯೇ ಎಂದುಕೊಂಡಿದ್ದೆವು. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಂಡರು. ಸವಿತಾ, "ಸಾರ್, ಔಷಧಿ ಹೊಡೆದೀವಿ, ಬ್ಯಾಡ್ರಿ!" ಎಂದು ಕೂಗುವಷ್ಟರಲ್ಲಿ ಉಗಿದು ಬಾಯಿ ಮುಕ್ಕಳಿಸಿದ್ದರು.

"ಉಪ್ಪು," ಎಂದರು. "ಅಮ್ಮಾರೆ, ನಿಮ್ಮತ್ತೆ ಬೂದಿ ಹಾಕಿದ್ದು ಬಯಲು ಹೊಲಕ್ಕೆ. ಮಳೆ ಬರ್ತಿತ್ತು, ಹೆಚ್ಚಾದದ್ದನ್ನ ತೊಳಕೊಂಡು ಹೋಗ್ತಿತ್ತು. ನಿಮ್ಮ ಈ ಮನೆಗೆ ಮಳೆ ಬರಲ್ಲ. ಹಾಕಿದ್ದೆಲ್ಲ ಇಲ್ಲೇ ಕುಂತೈತೆ. ಬೂದಿದೂ ಉಪ್ಪೇ, ಗೊಬ್ಬರದ್ದೂ ಉಪ್ಪೇ, ಬೋರಿನ ನೀರಿನಾಗೂ ಒಂದಿಷ್ಟು. ಶುರುವಿಗೆ ಗಿಡ ತಡಕೊಳ್ತವೆ. ಕಾಯಿ ಭಾರ ಆದಾಗ ಕೊನೆಗೆ ಕೈ ಚೆಲ್ತವೆ. ಉಪ್ಪು ಹೆಚ್ಚಾದ್ರೆ ಬೇರಿಗೆ ನೀರು ಹೀರಾಕಾಗಲ್ಲ, ನೀರಿನಾಗ ನಿಂತು ಬಾಯಾರಿ ಸಾಯ್ತವೆ."

ಮೂವರೂ ಮಾಡಿದ್ದು ಒಂದೇ ಕೆಲಸ. ಗಿಡ ಬಾಡಿದಾಗಲೆಲ್ಲ ಒಬ್ಬರಿಗಿಂತ ಒಬ್ಬರು ಹೆಚ್ಚು ಉಣಿಸಿದ್ದೆವು. ಮಗುವಿಗೆ ಅಜೀರ್ಣ ಎಂದು ತಿಳಿಯದೆ, ಅತ್ತಾಗಲೆಲ್ಲ ಬಾಯಿಗೆ ತುತ್ತು ಇಟ್ಟ ಹಾಗೆ.

ಮೊದಲು ಬಾಯಿ ಬಿಟ್ಟವನು ಬಸಣ್ಣ. "ನೋಡಿದೇನವ್ವ? ನಾನು ಹೊಲಿಸದೆ ಇದ್ದದ್ದಕ್ಕೇ ಗೊತ್ತಾಗಿದ್ದು. ನೀನು ದಿನಾ ಬೈತಿದ್ದಿ."

"ಬಾಳ ದೊಡ್ಡ ಕೆಲಸ ಮಾಡಿದಿ. ಮೈಗಳ್ಳತನಕ್ಕೂ ಸನ್ಮಾನ ಮಾಡಸ್ತೀನಿ ತಡಿ" ಎಂದೆ. ಮೇಷ್ಟ್ರು ನಕ್ಕರು, ಸೊಸೆಯೂ ನಕ್ಕಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು.

ಇಷ್ಟಾದರೂ ಮೇಷ್ಟ್ರು ಇದೇ ಖಂಡಿತ ಎನ್ನಲಿಲ್ಲ. ಹಸಿರು ಮೂಲೆಯದೊಂದು, ಬಾಡಿದ ಸಾಲಿನದೊಂದು, ಎರಡು ಪೊಟ್ಟಣ ಮಣ್ಣು ಕಟ್ಟಿಕೊಂಡು ಹೋಗಿ ಪರೀಕ್ಷೆಗೆ ಕೊಟ್ಟರು. ಉತ್ತರ ಬಂದ ಮೇಲೆ ಈ ಸಲ ಫೋನ್ ಮಾಡಿದರು. "ಉಪ್ಪೇ ಅಂತೆ ಅಮ್ಮಾರೆ. ಈ ಸಲ ಮಜ್ಜಿಗೆ ಅಲ್ಲ."

ಬೂದಿ ನಿಂತಿತು. ಗೊಬ್ಬರ ನಿಂತಿತು. ಮಡಿಗಳ ನಡುವೆ ಬಸಿಗಾಲುವೆ ತೋಡಿ, ಬರೀ ನೀರನ್ನು ಹರಿಯುವ ಹಾಗೆ ಬಿಟ್ಟೆವು. ಅರ್ಧಕ್ಕರ್ಧ ಗಿಡ ಚೇತರಿಸಿಕೊಂಡವು, ಉಳಿದವು ಹೋದವು. ಅದನ್ನೇನೂ ಪವಾಡ ಎನ್ನುವುದಿಲ್ಲ. ಮುಂದಿನ ಮುಂಗಾರಿಗೆ ಪ್ಲಾಸ್ಟಿಕ್ ಪೂರ್ತಿ ತೆಗೆದುಬಿಡ್ರಿ, ಒಂದು ಮಳೆಗಾಲ ಬಯಲಾಗಿ ಬಿಡ್ರಿ, ಸೆಣಬು ಬಿತ್ತಿ ಮಣ್ಣಿಗೇ ಮಗುಚಿಬಿಡ್ರಿ ಎಂದು ಮೇಷ್ಟ್ರು ಹೇಳಿದರು. ಒಂದು ಬೆಳೆ ಹೋಗುತ್ತದೆ ಎಂದು ಬಸಣ್ಣ ತಲೆ ಕೆರೆದುಕೊಂಡ. ಸೊಸೆ ಒಪ್ಪಿದಳು. ಅಷ್ಟು ದಿನ ವ್ಯಾನಿಗೆ ಹೋಗುತ್ತೇನೆ, ಬೆಳೆ ಬಂದ ಮೇಲೆ ಬಿಡುತ್ತೇನೆ ಎಂದಳು. ಹೋದಳು ಕೂಡ. ಈ ಸಲ ಕಾಲು ಊದಿದರೂ ಊಟ ಬಿಡಲಿಲ್ಲ.

ಆ ಮುಂಗಾರಿನ ಮೊದಲ ಮಳೆ ಬಿದ್ದಾಗ ನಾನು ಹೊಲದಲ್ಲಿದ್ದೆ. ಬರೀ ಪೈಪು ನಿಂತಿದ್ದವು, ಮೇಲೆ ಏನೂ ಇಲ್ಲ. ಸೆರಗು ತಲೆಗೆ ಹಾಕಿಕೊಂಡು ಒಳಗೆ ಹೋಗಿ ನಿಂತೆ. ಒಳಗೆ ಎಂದರೆ ಒಳಗೂ ಅಲ್ಲ, ಹೊರಗೂ ಅಲ್ಲ. ಮಣ್ಣು ನೀರು ಕುಡಿಯುವ ಸದ್ದು ಕೇಳುತ್ತಿತ್ತು. ಬದುವಿನಿಂದ ಸಿದ್ದಪ್ಪ, "ಏನವ್ವ, ಸೂರು ಸೋರ್ತೈತೆ ನಿಮ್ಮ ಮನೆ!" ಎಂದು ಕೂಗಿದ. "ಸೋರ್ಲಿ ಬಿಡೋ, ಸೋರಲಿ ಅಂತಾನೇ ಬಿಚ್ಚಿದ್ದು" ಎಂದೆ.

ಆ ನಡುವೆ ಮೇಷ್ಟ್ರ ಮನೆಗೆ ಒಂದು ಸಲ ಹೋಗಿದ್ದೆ. ಗೇಟಿನ ಪಕ್ಕ ಕುಂಡಗಳ ಸಾಲು. ಗುಲಾಬಿ ಒಣಗಿತ್ತು, ದಾಸವಾಳ ಒಣಗಿತ್ತು, ಒಂದರಲ್ಲಿ ಏನಿತ್ತು ಎಂಬುದೂ ಗೊತ್ತಾಗುವಂತಿರಲಿಲ್ಲ. ಅವರ ಹೆಂಡತಿ, "ಊರ ಗಿಡಕ್ಕೆಲ್ಲ ಡಾಕ್ಟ್ರು, ಮನೆ ಗಿಡಕ್ಕೆ ಯಮ. ನೀರು ಹಾಕ್ರಿ ಅಂದ್ರೆ, ಯಾಕ ಒಣಗ್ತೈತೆ ನೋಡ್ತಿದೀನಿ ಇರು ಅಂತಾರೆ" ಎಂದರು. ಮೇಷ್ಟ್ರು ಪೇಪರಿನ ಹಿಂದೆ ಅಡಗಿಕೊಂಡರು. ತಿಂಡಿಗೆ ಒಗ್ಗರಣೆ ಮಂಡಕ್ಕಿ ಕೊಟ್ಟರು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅವರಿಗೆ ಬಜ್ಜಿ ಬ್ಯಾಡ ಎಂದು ಡಾಕ್ಟರು ಹೇಳಿದ್ದರಂತೆ. ಹೆಂಡತಿ ಒಳಗೆ ಹೋದಾಗ ನನ್ನ ತಟ್ಟೆಯಿಂದ ಒಂದು ಎತ್ತಿಕೊಂಡು, ಅವರು ಬಂದಾಗ ನನ್ನ ಕಡೆ ನೋಡಿ, "ಅಮ್ಮಾರಿಗೆ ಇನ್ನೊಂದು ಹಾಕು" ಎಂದರು. ತಪ್ಪು ಒಪ್ಪಿಕೊಳ್ಳುವ ಮನುಷ್ಯನೇ, ಬಜ್ಜಿಯ ವಿಷಯದಲ್ಲಿ ಮಾತ್ರ ಅಲ್ಲ.

ಮುಂದಿನ ಯುಗಾದಿಗೆ ಹೊಸ ಪ್ಲಾಸ್ಟಿಕ್ ಹೊದಿಸಿ ಟೊಮೇಟೊ ನೆಟ್ಟೆವು. ಮಹಾನವಮಿ ಬಂತು. ದಿನಾ ಮಧ್ಯಾಹ್ನ ನಾನೂ ಸೊಸೆಯೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಸಾಲಿನುದ್ದ ನಡೆದು ಬರುತ್ತಿದ್ದೆವು. ಗಿಡಗಳು ತಲೆ ಬಗ್ಗಿಸಲಿಲ್ಲ. ದೀಪಾವಳಿ ಬಂತು. ಮೇಲಿನ ಗೊಂಚಲು ಕೆಂಪಾದವು. ಮೇಷ್ಟ್ರು ಬಂದು ಕೈಕಾಲು ತೊಳೆದುಕೊಂಡು ಒಳಗೆ ಹೋಗಿ, ಈ ತುದಿಯಿಂದ ಆ ತುದಿಗೆ ನಡೆದರು. ಎರಡೂ ಕಣ್ಣು ಆಗ ಸರಿಯಾಗಿದ್ದವು.

"ಹೆಂಗೈತೆ ಸಾರ್?" ಎಂದು ಸೊಸೆ ಕೇಳಿದಳು. ಹೊಗಳಲಿ ಎಂದು ಅವಳಿಗೆ ಆಸೆ.

"ಈಗ್ಲೇ ಹೇಳಾಕಾಗಲ್ಲವ್ವ. ಇನ್ನೊಂದು ವರ್ಷ ನೋಡಾನ."

ಇನ್ನೊಂದು ವರ್ಷ ಗಿಡ ನೋಡಿತು, ಅವರು ನೋಡಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಒಳ್ಳೇ ಸಾವು. ನನಗೂ ಅಂಥದ್ದೇ ಬರಲಿ ಎಂದು ಕೇಳಿಕೊಂಡೆ, ಅಳಲಿಲ್ಲ. ಆರಾಧನೆಗೆ ಒಂದು ಬುಟ್ಟಿ ಹಣ್ಣು ಒಯ್ದಿದ್ದೆವು. ಅವರ ಹೆಂಡತಿ ಒಂದನ್ನು ಕೈಯಲ್ಲಿ ಹಿಡಿದು, "ಯಾವ ಕೊಯ್ಲಿಂದು?" ಎಂದು ಕೇಳಿದರು. "ಕೊನೇದು" ಎಂದಳು ಸವಿತಾ. ಆಯಮ್ಮ ಆ ಹಣ್ಣನ್ನು ಅಡಿಗೆಮನೆಗೆ ಕಳಿಸದೆ ಫೋಟೋದ ಮುಂದಿಟ್ಟರು. ಬಾಳೆಹಣ್ಣು, ತೆಂಗಿನಕಾಯಿಗಳ ನಡುವೆ ಒಂದು ಟೊಮೇಟೊ. ಬಂದವರೆಲ್ಲ ವಿಚಿತ್ರವಾಗಿ ನೋಡಿದರು.

ಹೋದ ವಾರ ಗುತ್ತೂರಿನಿಂದ ಗಂಡ ಹೆಂಡತಿ ಬಂದಿದ್ದರು. ಅವರೂ ಪಾಲಿಹೌಸಿನಲ್ಲಿ ಸೌತೆ ಹಾಕಿದ್ದಾರೆ, ಕೊನೆಕೊನೆಗೆ ಬಾಡುತ್ತಿದೆಯಂತೆ. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಎಲೆ ತಂದಿದ್ದರು. ಆ ಹೆಣ್ಣುಮಗಳ ಮುಖದಲ್ಲಿ ಊಟ ಬಿಟ್ಟ ಲಕ್ಷಣ ಇತ್ತು. ನನಗೆ ಅದು ಗುರುತು ಸಿಗುತ್ತದೆ.

"ಉಪ್ಪು ಹೆಚ್ಚಾಗೈತೆ, ಮತ್ತೇನು? ಬೂದಿ ನಿಲ್ಲಿಸ್ರಿ" ಎಂದು ನಾನು ಹೇಳುವವಳಿದ್ದೆ. ಅಷ್ಟರಲ್ಲಿ ಸೊಸೆ ಎಲೆಗಳನ್ನು ವಾಪಸ್ ಚೀಲಕ್ಕೆ ಹಾಕಿ, "ಗೊತ್ತಿಲ್ರಿ. ನಮ್ಮದು ಹಂಗಾಗಿತ್ತು ಅಂತ ನಿಮ್ಮದೂ ಹಂಗೇ ಅಂತಿಲ್ಲ. ಬರ್ತೀನಿ ನಡೀರಿ, ನೋಡಾನ" ಎಂದಳು. ಚಾಕು ತೆಗೆದುಕೊಂಡಳು. ಗೋಡೆಯ ಗೂಡಿನಿಂದ ಮೇಷ್ಟ್ರದಂಥದೇ ಗಾಜಿನ ಲೋಟ ತೆಗೆದು ಬಿಸಿಲಿಗೆ ಹಿಡಿದು ನೋಡಿ, ಮತ್ತೊಂದು ಸಲ ತೊಳೆದು, ಟವೆಲಿನಲ್ಲಿ ಸುತ್ತಿದಳು. ಅವಳ ಜೊತೆ ನಾನೂ ಆಟೋ ಹತ್ತಿದೆ.

ಅವರ ಹೊಲ ಮುಟ್ಟಿದ ಕೂಡಲೇ ಆ ಹೆಣ್ಣುಮಗಳು ಚೊಂಬಿನಲ್ಲಿ ಮಜ್ಜಿಗೆ ತಂದಳು. ನಮ್ಮವರೇ, ಬಂದವರಿಗೆ ಮಜ್ಜಿಗೆ ಕೊಡದೆ ಹೇಗೆ ಇರುತ್ತಾರೆ? ನಾನು ಚೊಂಬು ಇಸಿದುಕೊಂಡು ನೆರಳಿನಲ್ಲಿ, ನನ್ನ ಪಕ್ಕದಲ್ಲೇ ಇಟ್ಟುಕೊಂಡು ಕೂತೆ.

"ಕುಡೀರಿ ಅಜ್ಜಿ, ಯಾಕ?"

"ಕುಡೀತೀವವ್ವ. ಮೊದಲು ಅವಳು ನೋಡಿ ಮುಗಿಸಲಿ."